ಒಣಗಲು ಬಿಟ್ಟ ಗದ್ದೆ

ಗಂಗಾವತಿ
೭ ಡಿಸೆಂಬರ್ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ಮಲ್ಲೇಶ್ವರಿಯ ನಮಸ್ಕಾರ. ನಾನು ಆರಾಮ, ನೇತ್ರಾವತಿ ಅತ್ತಿ ಆರಾಮ, ಆಪರೇಶನ್ ಆದ ಮಾವನ ಕಣ್ಣೂ ಆರಾಮ. ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅರ್ಧ ಓದಿ ಎದೆ ಎದೆ ಬಡಿದುಕೊಳ್ಳುತ್ತೀ. ನಿನ್ನ ತಮ್ಮ ಈಶಪ್ಪ ಮಾವನ ಹೆಸರನ್ನು ನಮ್ಮ ಸಂಸ್ಥೆಯವರು ಗದ್ದೆ ಪ್ರಯೋಗದ ಪಟ್ಟಿಯಿಂದ ತೆಗೆದುಹಾಕಿದ್ದರಲ್ಲ, ಅದನ್ನು ಮತ್ತೆ ಸೇರಿಸಿದ್ದಾರೆ. ಸೇರಿಸಿದ್ದಷ್ಟೇ ಅಲ್ಲ, ನಮ್ಮ ಗೌರೀಶ ಸರ್ ರಾಯಚೂರಿನಿಂದ ತಾವೇ ಬಂದು, ಸೊಸೈಟಿ ಕಟ್ಟೆಯ ಮೇಲೆ ಕೂತಿದ್ದ ಮಂದಿಯ ಎದುರಿಗೇ ಮಾವನ ಕೈ ಹಿಡಿದು, ತಪ್ಪು ತಿಳಿದುಕೊಂಡಿದ್ದೆವು ಎಂದು ಹೇಳಿ ಹೋದರು. ಈಗ ಉಸಿರು ಬಿಡು. ಚಾ ಕುಡಿಯುವುದಿದ್ದರೆ ಕುಡಿದು ಬಂದು ಓದು, ಪತ್ರ ಉದ್ದ ಇದೆ.

ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ನಿನಗೆ ಫೋನು ಮಾಡುವುದೆಂದರೆ ಪಕ್ಕದ ಮನೆಯ ಮಾರೆಮ್ಮನಿಗೆ ಮಾಡಬೇಕು, ಆಕೆ ನಿನ್ನ ಕಿವಿಯ ಹತ್ತಿರ ಕೂಗಬೇಕು, ಅದನ್ನು ಇಡೀ ಓಣಿ ಕೇಳಬೇಕು, ಕೊನೆಗೆ ನಿನಗೊಬ್ಬಳಿಗೆ ಮಾತ್ರ ಕೇಳಿಸುವುದಿಲ್ಲ. ನಾನು ಕೊಡಿಸಿದ ಕಿವಿಯ ಮೆಷಿನ್ನನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಪಕ್ಕ ಮಲಗಿಸಿದ್ದೀ. ಇರಲಿ, ಅದರ ಜಗಳ ಆಮೇಲೆ ಆಡೋಣ. ಈ ಪತ್ರದಲ್ಲಿರುವುದು ಓಣಿಗೆ ಕೇಳಿಸುವ ಮಾತಲ್ಲ. ಏಳನೇ ಇಯತ್ತೆವರೆಗೆ ಓದಿದವಳು ನೀನು, ನಿಧಾನಕ್ಕೆ ನೀನೇ ಓದಿಕೋ.

ಸುಗ್ಗಿಯಾಯಿತು, ಹೊಸ ಅಕ್ಕಿಯ ಊಟಕ್ಕೆ ಬಾ ಎಂದು ಮಾವ ಮತ್ತೆ ಮತ್ತೆ ಹೇಳಿಕಳಿಸಿದರು. ಪ್ರತಿವರ್ಷ ಕರೆಯುವ ಮೊದಲೇ ಚೀಲ ಕಟ್ಟಿಕೊಂಡು ತವರಿಗೆ ಹೊರಡುವ ನೀನು ಈ ಸಲ ಮೊಣಕಾಲು ನೋವೆಂದು ಹೇಳಿಸಿದೆ. ಅದೇ ಮೊಣಕಾಲು ಕುಕನೂರು ಸಂತೆಗೆ ಹೋಗುವಾಗ ನೋಯುವುದಿಲ್ಲವಂತೆ. ಹೇಳಿದವಳು ಮಾರೆಮ್ಮ, ಆಕೆಯನ್ನು ಬೈಯಬೇಡ. ಅತ್ತಿಯ ಹತ್ತಿರ ಫೋನಿನಲ್ಲಿ ಒಮ್ಮೆ ಬಾಯಿ ತಪ್ಪಿ, ‘ಇನ್ನ ಆ ಮನಿಗೆ ಯಾವ ಮುಖಾ ಹೊತ್ತು ಬರ್ಲಿ’ ಎಂದಿದ್ದೀಯಂತೆ. ಅತ್ತಿಗೆ ಅದರ ತಲೆಬುಡ ತಿಳಿಯಲಿಲ್ಲ. ನನಗೂ ಮೊದಲು ತಿಳಿಯಲಿಲ್ಲ. ಈಗ ತಿಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಕೆಲಸ ಏನೆಂದು ನೀನು ಊರವರಿಗೆ ‘ಗಾಳಿ ತೂಗೂ ನೌಕರಿ’ ಅಂತ ಹೇಳುತ್ತೀಯಲ್ಲ, ಅದು ಸುಳ್ಳೇನಲ್ಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ, ಗೋಬರ್ ಗ್ಯಾಸಿನ ಗುಂಡಿಯಲ್ಲಿ ಹುಟ್ಟುವಂಥದೇ ಒಂದು ಗಾಳಿ ಹುಟ್ಟುತ್ತದೆ. ಮೀಥೇನ್ ಅಂತ ಹೆಸರು. ಅದು ಮೇಲಕ್ಕೆ ಹೋಗಿ, ಭೂಮಿಯ ಕಾವು ಹೊರಗೆ ಹೋಗದಂತೆ ತಡೆಯುತ್ತದೆ. ಹೂವಿಗೆ ಬರುವ ಮುಂಚೆ ಗದ್ದೆಯನ್ನು ನಡುನಡುವೆ ಒಣಗಲು ಬಿಟ್ಟರೆ ಈ ಗಾಳಿ ಬಹಳ ಕಡಿಮೆಯಾಗುತ್ತದೆ, ಬೆಳೆಯೂ ಕೆಡುವುದಿಲ್ಲ. ಅದನ್ನು ಇಲ್ಲಿಯ ನೆಲದಲ್ಲೇ ಅಳೆದು ತೋರಿಸಬೇಕೆಂದು ನಮ್ಮನ್ನು ಕಳಿಸಿದ್ದರು.

ಕಾಲುವೆ ತುಂಬಿ ಹರಿಯುವಾಗ ಗದ್ದೆ ಒಣಗಿಸಿರಿ ಎಂದು ಕೇಳಿದರೆ ಇಲ್ಲಿಯವರು ನನ್ನನ್ನು ಮೇಲೆ ಕೆಳಗೆ ನೋಡಿದರು. ಹುಡುಗಿಗೆ ಏನೋ ಆಗಿದೆ ಅಂತ ಒಬ್ಬರು ಹಿಂದಿನಿಂದ ಅಂದದ್ದೂ ನನಗೆ ಕೇಳಿಸಿತು. ಹೂಂ ಅಂದವರು ಮಾವ ಒಬ್ಬರೇ. ‘ನಮ್ಮ ಹುಡಿಗಿ ಕೇಳಾಕತ್ಯಾಳ, ಒಂದು ಗದ್ದಿ ಕೊಟ್ಟೆ ತಗೋರಿ, ಹನಿ ನೀರು ಬಿಟ್ರ ಕೇಳ್ರಿ’ ಎಂದು ಎಲ್ಲರೆದುರಿಗೆ ಮಾತು ಕೊಟ್ಟರು. ಮಾವನ ಗದ್ದೆ ಸರಿಬಂದರೆ ಬೇಸಿಗೆ ಬೆಳೆಗೆ ತಾವೂ ಸೇರುತ್ತೇವೆಂದು ಉಳಿದವರು ಒಪ್ಪಿಕೊಂಡರು. ಹಾಗಾಗಿ ಎಲ್ಲವೂ ಮಾವನ ಆ ಒಂದು ಮಾತಿನ ಮೇಲೆ ನಿಂತಿತ್ತು.

ಯಂತ್ರ ನಿನಗೆ ಗೊತ್ತೇ ಇದೆ. ಒಣಗಿಸುವ ಗದ್ದೆಗೂ, ಹೋಲಿಸಿ ನೋಡಲು ನೀರು ನಿಲ್ಲಿಸಿದ ಪಕ್ಕದ ಗದ್ದೆಗೂ ನಡುವಿನ ಬದುವಿನಲ್ಲಿ ಕಂಬದ ಮೇಲೊಂದು ಪೆಟ್ಟಿಗೆ, ಆಚೆ ತುದಿಗೊಂದು ಈಚೆ ತುದಿಗೊಂದು ಕನ್ನಡಿ. ಪೆಟ್ಟಿಗೆಯಿಂದ ಕಣ್ಣಿಗೆ ಕಾಣದ ಬೆಳಕು ಹೊರಟು, ಪೈರಿನ ತಲೆಯ ಮೇಲೆ ಹಾದು, ಕನ್ನಡಿಗೆ ತಾಗಿ ವಾಪಸು ಬರುತ್ತದೆ. ದಾರಿಯಲ್ಲಿ ಮೀಥೇನ್ ಇದ್ದರೆ ಅದು ಆ ಬೆಳಕಿನಲ್ಲಿ ತನ್ನ ಪಾಲನ್ನು ತಿಂದುಬಿಡುತ್ತದೆ. ಎಷ್ಟು ಬೆಳಕು ಕಡಿಮೆಯಾಗಿ ಬಂತೋ ಅದರ ಮೇಲೆ ಗಾಳಿ ಎಷ್ಟಿದೆ ಎಂದು ಲೆಕ್ಕ. ಕೆಸರನ್ನು ಮುಟ್ಟುವುದಿಲ್ಲ, ಪೈರನ್ನು ಮುಟ್ಟುವುದಿಲ್ಲ, ದೂರದಿಂದಲೇ ಅಳೆಯುತ್ತದೆ, ಅಳೆದದ್ದನ್ನು ತಾನೇ ರಾಯಚೂರಿಗೆ ಕಳಿಸುತ್ತದೆ. ಅದು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುವುದನ್ನು ನೋಡಿ ನೀನು, ಇಬ್ಬರು ಸೊಸೆಯರ ಮೇಲೆ ಕಣ್ಣಿಟ್ಟ ಅತ್ತೆಯ ಹಾಗಿದೆ ಎಂದಿದ್ದೆ. ನಮ್ಮ ಆಫೀಸಿನಲ್ಲಿ ಈಗ ಎಲ್ಲರೂ ಅದನ್ನು ಅತ್ತೆಮ್ಮ ಎಂದೇ ಕರೆಯುತ್ತಾರೆ. ಆ ಅತ್ತೆಮ್ಮನ ಕಣ್ಣಿನಿಂದ ಏನೂ ತಪ್ಪುವುದಿಲ್ಲ ಎಂಬುದನ್ನು ಮಾತ್ರ ನೀನು ಮರೆತೆ.

ಸೆಪ್ಟೆಂಬರಿನ ಕೊನೆಗೆ ಮಾವನ ಕಣ್ಣಿನ ಪೊರೆ ತೆಗೆಸಿದರು. ಕೆಸರು, ಧೂಳು ಎಲ್ಲ ಬೇಡ, ಗದ್ದೆಯ ಕಡೆ ಕಾಲಿಡಬೇಡಿ ಎಂದು ಡಾಕ್ಟರು ಹೇಳಿದರು. ತಮ್ಮನ ಮನೆ ನೋಡಿಕೊಳ್ಳುತ್ತೇನೆಂದು ನೀನು ತಳಕಲ್ಲಿನಿಂದ ಬಂದೆ. ನನ್ನನ್ನು ಅದೇ ಹೊತ್ತಿಗೆ ಹೈದರಾಬಾದಿಗೆ ತರಬೇತಿಗೆ ಕಳಿಸಿದರು. ಹೊರಡುವ ಮೊದಲು ನಿನ್ನನ್ನು ಗದ್ದೆಗೆ ಕರೆದುಕೊಂಡು ಹೋಗಿ, ಬೇವಿನ ಗಿಡದ ಕಡೆಯ ಗದ್ದೆಗೆ ನೀರು ಬಿಡಬಾರದು ಎಂದು ಕೂಗಿ, ಕೈಸನ್ನೆ ಮಾಡಿ, ಎಲ್ಲ ಹೇಳಿದ್ದೆ. ನೀನು ತಲೆಯಾಡಿಸಿದೆ. ನೆಲ ಬಿರುಕು ಬಿಡುತ್ತಿತ್ತು. ಅದನ್ನು ನೀನು ಬಹಳ ಹೊತ್ತು ನೋಡಿದೆ. ನನಗೆ ಬಸ್ಸಿನ ಅವಸರ, ನಾನು ಗಮನ ಕೊಡಲಿಲ್ಲ.

ದೀಪಾವಳಿ ಮುಗಿಸಿಕೊಂಡು ನಾನು ರಾಯಚೂರಿಗೆ ಬಂದಾಗ ಗೌರೀಶ ಸರ್ ಕಂಪ್ಯೂಟರಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದರು. ಒಣ ಗದ್ದೆಯ ಗೆರೆ ಕೆಳಗಿರಬೇಕಿತ್ತು. ಶೀಗಿ ಹುಣ್ಣಿಮೆಯವರೆಗೂ ಕೆಳಗೇ ಇತ್ತು. ಆಮೇಲೆ ಮೆಲ್ಲಗೆ ಏರುತ್ತಾ ಏರುತ್ತಾ ಹೋಗಿ ನೀರು ತುಂಬಿದ ಗದ್ದೆಯ ಗೆರೆಯನ್ನು ಮುಟ್ಟಿಬಿಟ್ಟಿತ್ತು. ಯಂತ್ರ ಕೆಟ್ಟಿದೆ ಅಂದುಕೊಂಡೆವು. ಇಷ್ಟೇ ಇದೆ ಎಂದು ಗೊತ್ತಿರುವ ಗ್ಯಾಸನ್ನು ಅದರೆದುರು ಹಿಡಿದು ಪರೀಕ್ಷೆ ಮಾಡಿದೆವು, ಸರಿಯಾಗಿಯೇ ಹೇಳಿತು. ಮೋಡದಾಚೆಯಿಂದಲೂ ನೆಲದ ತೇವವನ್ನು ಕಾಣುವ ಉಪಗ್ರಹ ಒಂದಿದೆ. ಅದು ಆ ದಿನಗಳಲ್ಲಿ ತೆಗೆದ ಚಿತ್ರ ತರಿಸಿ ನೋಡಿದರೆ ಎರಡೂ ಗದ್ದೆಗಳು ಒಂದೇ ಬಣ್ಣ. ಅಂದರೆ ಯಂತ್ರ ಸುಳ್ಳಾಡಿರಲಿಲ್ಲ. ಯಾರೋ ಗದ್ದೆಗೆ ನೀರು ಬಿಟ್ಟಿದ್ದರು.

ಸರ್ ನನ್ನೆದುರಿಗೇ ಮಾವನಿಗೆ ಫೋನು ಮಾಡಿದರು. ಮಾವ ಬಿಲ್ಕುಲ್ ಇಲ್ಲ ಎನ್ನುತ್ತಾರೆಂದು ನಾನು ಧೈರ್ಯವಾಗಿ ಕೂತಿದ್ದೆ. ಗದ್ದೆಗೆ ನೀರು ಬಿಟ್ಟಿರಾ ಎಂದು ಸರ್ ಕೇಳಿದರು. ಮಾವ, ‘ಹೌದ್ರಿ ಸಾಹೇಬರ, ನಾನ ಬಿಟ್ಟೀನಿ, ತಪ್ಪಾತು’ ಎಂದುಬಿಟ್ಟರು. ಅವತ್ತೇ ಅವರ ಹೆಸರು ಹೋಯಿತು. ಸುದ್ದಿ ಮಾವನಿಗಿಂತ ಮೊದಲು ಸೊಸೈಟಿ ಕಟ್ಟೆ ತಲುಪಿತ್ತು. ‘ಸಂಸ್ಥೆಯವರ ಕಣ್ಣಾಗ ಮಣ್ಣು ಹಾಕಾಕ ಹ್ವಾದ, ಮುಗಿಲಿಂದ ನೋಡಿ ಹಿಡದ್ರು’ ಎಂದು ಮಂದಿ ಆಡಿಕೊಂಡರು. ಮಾವ ಆ ಕಟ್ಟೆಗೆ ಹೋಗುವುದನ್ನೇ ಬಿಟ್ಟರು, ಪೇಪರನ್ನು ಮನೆಗೇ ತರಿಸಿಕೊಂಡು ಓದತೊಡಗಿದರು.

ನನಗೆ ಬಂದ ಸಿಟ್ಟು ಎಂಥದ್ದೆಂದು ನಿನಗೆ ಗೊತ್ತು, ಅದು ನಿನ್ನಿಂದಲೇ ಬಂದದ್ದು. ಸೀದಾ ಗಂಗಾವತಿ ಬಸ್ಸು ಹತ್ತಿದೆ. ಹೊಸ್ತಿಲು ದಾಟುವ ಮೊದಲೇ ಶುರು ಹಚ್ಚಿಕೊಂಡೆ. ಮಾತು ಕೊಡುವುದು ಯಾಕೆ, ಕೊಟ್ಟು ತಪ್ಪುವುದು ಯಾಕೆ, ನನ್ನ ಮುಖ ನೋಡಿಯಾದರೂ ಸುಮ್ಮನಿರಬಾರದಿತ್ತೇ, ಎಂದು ಬಾಯಿಗೆ ಬಂದಂತೆ ಅಂದೆ. ಮಾವ, ‘ಮಲ್ಲಿ ಉಪಾಸ ಬಂದಾಳ, ರೊಟ್ಟಿ ಬಡಿ’ ಎಂದು ಅತ್ತಿಗೆ ಹೇಳಿ ಒಳಗೆ ಹೋದರು. ನಾನು ಉಣ್ಣದೆ ಎದ್ದು ಬಂದೆ.

ಗದ್ದೆ ಕೊಯ್ಯುವ ಹೊತ್ತಿಗೆ ಯಂತ್ರ ಬಿಚ್ಚಲು ಮತ್ತೆ ಬರಬೇಕಾಯಿತು. ಕಾಲುವೆಯ ಬಾಗಿಲುಗಳನ್ನು ನೋಡಿಕೊಳ್ಳುವ ಕಾಸೀಮಸಾಬ ಸೇತುವೆಯ ಹತ್ತಿರ ಸಿಕ್ಕ. ನೀರಿನ ಸುದ್ದಿಯನ್ನು ನಾನು ಎತ್ತಲೇ ಇಲ್ಲ. ಅವನೇ, ‘ಅವ್ವಾರು ಆರಾಮ ಅದಾರೇನ್ರಿ? ಅವರು ಊರಿಗೆ ಹ್ವಾದ ಮ್ಯಾಲೆ ಬೇವಿನ ಗಿಡದ ಬುಡಕ ಮಾತಾಡೋರ ಇಲ್ಲದಂಗ ಆಗೇತ್ರಿ’ ಎಂದ. ಮಧ್ಯಾಹ್ನ ದಿನಾ ಬರುತ್ತಿದ್ದರು, ಬದುವಿನ ಬಾಯಿಗೆ ಇಟ್ಟ ಮಣ್ಣಿನ ಹೆಂಟೆಯನ್ನು ಕೈಯಿಂದಲೇ ತೆಗೆದು ಗದ್ದೆಗೆ ನೀರು ಬಿಟ್ಟು, ಮುಳುಗುವಷ್ಟಾದ ಮೇಲೆ ಮತ್ತೆ ಮುಚ್ಚಿ, ಕಾಲು ತೊಳೆದುಕೊಂಡು ಹೋಗುತ್ತಿದ್ದರು, ಎಂದು ಹೊಗಳಿಕೆಯ ಮಾತಿನಂತೆ ಹೇಳಿದ.

ಅವ್ವ, ಇದನ್ನು ಓದುವಾಗ ನಿನ್ನ ಮುಖ ಹೇಗಾಗಿರುತ್ತದೆ ಎಂದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳಬೇಡ, ಅದು ಸ್ವಚ್ಛವಾಗಿಯೇ ಇದೆ. ಮುಂದೆ ಓದು.

ಯಾಕೆ ಬಿಡುತ್ತೀರಿ ಎಂದು ಕಾಸೀಮಸಾಬ ಒಮ್ಮೆ ಕೇಳಿದ್ದನಂತೆ. ನಿನಗೆ ಕಿವಿ ಕೇಳಿಸುವುದಿಲ್ಲ ಎಂದು ಲೋಕವೆಲ್ಲ ಕಿವುಡು ಅಂದುಕೊಂಡು ಕೂಗಿ ಮಾತಾಡುವವಳಲ್ಲವೇ, ನಿನ್ನ ಉತ್ತರ ಕಾಲುವೆಯ ಆಚೆ ದಂಡೆಗೂ ಕೇಳಿಸಿತಂತೆ. ‘ಮಗಳು ಬ್ಯಾಡ ಅಂದಾಳ, ಖರೆ. ಆದ್ರ ಶೀಗಿ ಹುಣ್ಣಿವಿಗೆ ಗದ್ದಿಗೆ ಎಡಿ ತಂದು ಚರಗ ಚೆಲ್ಲಿ, ಉಡಿ ತುಂಬಿ, ಭೂಮಿತಾಯಿ ಬಸುರಿ ಅಂತ ಉಣಿಸಿ ಹೋದ್ವಿ. ಬಸುರಿ ಹೆಣಮಗಳ ಮುಂದ ತುಂಬಿದ ಕೊಡಾ ಇಟ್ಟು ಕುಡೀಬ್ಯಾಡ ಅಂದ್ರ ಹ್ಯಾಂಗೋ ಕಾಸೀಮ? ನಮ್ಮ ತಳಕಲ್ಲಾಗ ಕೊಡೂಣು ಅಂದ್ರ ನೀರಿಲ್ಲ. ಇಲ್ಲಿ ಇಟಗೊಂಡು ಕೊಡಲಿಲ್ಲಂದ್ರ ಹ್ಯಾಂಗ? ಆಕಿ ಬಾಯಿ ಬಿಟ್ಟು ಮಲಗ್ಯಾಳ, ನೋಡಾಕ ಆಗಂಗಿಲ್ಲ’ ಎಂದಿದ್ದೆಯಂತೆ. ಅವನು ನಿನ್ನ ಮಾತನ್ನು ನಿನ್ನ ಧಾಟಿಯಲ್ಲೇ ಹೇಳಿ ತೋರಿಸಿದ. ನಾನು ಸೇತುವೆಯ ಗೋಡೆಯ ಮೇಲೆ ಕೂತು ಮೊದಲು ನಕ್ಕೆ, ಆಮೇಲೆ ಅತ್ತುಬಿಟ್ಟೆ. ಪಾಪ ಅವನು ಗಾಬರಿಯಾದ.

ಅಲ್ಲಿಂದ ಮಾವನ ಹತ್ತಿರ ಹೋದೆ. ಈ ಸಲ ಕೂಗಾಡಲಿಲ್ಲ. ನಿಮಗೆ ಗೊತ್ತಿತ್ತೇ ಎಂದಷ್ಟೇ ಕೇಳಿದೆ. ಮಾವ ನಕ್ಕರು. ‘ಡಾಕ್ಟರ್ರು ಒಂದು ಕಣ್ಣು ಕಟ್ಟಿದ್ರು, ಇನ್ನೊಂದು ಕಟ್ಟಿದ್ದಿಲ್ಲವಾ. ದಿನಾ ಸಂಜಿಗೆ ಅಕ್ಕನ ಸೀರಿ ಅಂಚು ಕೆಸರಾಗಿರತಿತ್ತು’ ಎಂದರು. ಹಾಗಾದರೆ ತಡೆಯಲಿಲ್ಲ ಯಾಕೆ, ಆಮೇಲೆ ಸುಳ್ಳು ಯಾಕೆ ಹೇಳಿದಿರಿ ಎಂದೆ. ಅದಕ್ಕೆ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ‘ತವರಿಗೆ ಬಂದಾಕಿಗೆ ನೀರು ಯಾಕ ಬಿಟ್ಟಿ ಅಂತ ಕೇಳೂದೇನು? ಅಪ್ಪ ಸತ್ತಾಗ ಆ ಗದ್ದ್ಯಾಗ ತನ್ನ ಪಾಲು ಬ್ಯಾಡಂತ ಸಹಿ ಮಾಡಿಕೊಟ್ಟಾಕಿ ಆಕಿ. ಅವತ್ತಿಂದ ಒಂದು ಸೇರು ಅಕ್ಕಿ ಬಾಯಿಬಿಟ್ಟು ಕೇಳಿಲ್ಲ. ಆಕಿ ಹೆಸರು ಸಾಹೇಬರ ಮುಂದ ಹೇಳಿ ನಾ ಛಲೋ ಅನಿಸಿಕೊಳ್ಳಲೇನು? ಹೋದ್ರ ನನ್ನ ಮಾತು ಹೋತು. ಆಕಿ ನಾಚಿಕೊಂಡು ಬರೂದು ಬಿಟ್ಟರ ತವರಿನ ಉಡಿ ತುಂಬಾಕ ನನಗ ಬ್ಯಾರೆ ಯಾರದಾರ?’ ಎಂದರು. ನಾನು ಅವರಿಗೆ ಅಂದ ಮಾತುಗಳೆಲ್ಲ ನೆನಪಾಗಿ ಅವರ ಕಾಲು ಮುಟ್ಟಿದೆ. ಅವರು ತಲೆಗೊಂದು ಮೊಟಕಿ, ಅವತ್ತಿನ ರೊಟ್ಟಿ ಇವತ್ತಾದರೂ ಉಣ್ಣು ಎಂದರು.

ಇದನ್ನೆಲ್ಲ ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಗೌರೀಶ ಸರ್‌ಗೆ ಹೇಳಬಾರದು ಎಂದೂ ಅಂದರು, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ರಾಯಚೂರಿಗೆ ಹೋಗಿ ಎಲ್ಲ ಹೇಳಿದೆ, ಚರಗದಿಂದ ಹಿಡಿದು ಸೀರೆಯ ಅಂಚಿನವರೆಗೆ. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ, ನೌಕರಿ ಹೋದರೂ ಹೋಗಲಿ ಅಂದುಕೊಂಡಿದ್ದೆ. ಸರ್ ಕಂಪ್ಯೂಟರಿನಲ್ಲಿ ಆ ಗೆರೆಯನ್ನು ಮತ್ತೆ ತೆರೆದು, ‘ನಿಮ್ಮ ತಾಯಿ ಮೊದಲನೇ ದಿನ ನೀರು ಬಿಟ್ಟಿದ್ದು ಹುಣ್ಣಿಮೆಯ ದಿನವೇನಾ?’ ಎಂದು ಕೇಳಿದರು. ಹೌದೆಂದೆ. ಅವರು ಕುರ್ಚಿಗೆ ಒರಗಿ ದೊಡ್ಡದಾಗಿ ನಕ್ಕರು.

ಯಾಕೆ ನಕ್ಕರು ಎಂದು ನಿನಗೆ ತಿಳಿಯುವಂತೆ ಹೇಳುತ್ತೇನೆ. ಹಳ್ಳಿ ಹಳ್ಳಿಯ ಗದ್ದೆಗೆ ಆಳು ನಿಲ್ಲಿಸಿ ಕಾಯಲಾಗುವುದಿಲ್ಲ. ದೂರದಿಂದ ಅಳೆಯುವ ಈ ಯಂತ್ರ, ಯಾರೂ ಏನೂ ಹೇಳದಿದ್ದರೂ, ಗದ್ದೆಗೆ ನೀರು ಬಂತೆಂಬುದನ್ನು ತಾನೇ ಕಂಡುಹಿಡಿಯುತ್ತದೆಯೇ ಎಂದು ದೊಡ್ಡವರೆಲ್ಲ ನಮ್ಮನ್ನು ಕೇಳುತ್ತಿದ್ದರು. ನಾವೇ ನೀರು ಬಿಟ್ಟು ನಾವೇ ನೋಡಿ ಹೇಳಿದರೆ ಯಾರು ನಂಬುತ್ತಾರೆ? ನೀನು ನಮ್ಮೆಲ್ಲರಿಂದ ಮುಚ್ಚಿಟ್ಟು ಬಿಟ್ಟ ನೀರನ್ನು ಅತ್ತೆಮ್ಮ ಕಂಡುಹಿಡಿದಳು. ನೀನು ಬಿಟ್ಟಮೇಲೆ ಗಾಳಿ ಮೆಲ್ಲಗೆ ಏರಿದ್ದು, ನೀನು ಊರಿಗೆ ಹೋದಮೇಲೆ ನೆಲ ಆರಿ ಮತ್ತೆ ಇಳಿದದ್ದು, ಎಲ್ಲ ಗೆರೆಯಲ್ಲಿದೆ. ಕೆಟ್ಟುಹೋಯಿತು ಅಂದುಕೊಂಡ ಗದ್ದೆಯೇ ನಮ್ಮ ಈ ವರ್ಷದ ಒಳ್ಳೆಯ ಸಾಕ್ಷಿಯಾಯಿತು. ಕೊಯ್ದು ಅಳೆದಾಗ ಆ ಗದ್ದೆಯ ಭತ್ತವೂ ಪಕ್ಕದ್ದಕ್ಕಿಂತ ಕಡಿಮೆ ಬೀಳಲಿಲ್ಲ. ಹಾಗಂತ ನೀ ಮಾಡಿದ್ದೇ ಸರಿ ಅಂತ ಕುಣಿಯಬೇಡ, ಇನ್ನೊಂದು ವರ್ಷ ಹೀಗೆ ಮಾಡಿದರೆ ನಾನು ಸುಮ್ಮನಿರುವುದಿಲ್ಲ.

ಮರುದಿನವೇ ಸರ್ ಬಂದದ್ದು. ಸೊಸೈಟಿ ಕಟ್ಟೆಯ ಮೇಲೆ ನಿಂತು, ಈಶಪ್ಪನವರು ಮಾತಿಗೆ ತಪ್ಪಿದವರಲ್ಲ, ನೀರು ಬಂದದ್ದು ಅವರಿಂದಲ್ಲ, ಗದ್ದೆಯ ಫಲಿತಾಂಶ ಚೆನ್ನಾಗಿದೆ, ಎಂದಷ್ಟೇ ಹೇಳಿದರು. ಯಾರು ಬಿಟ್ಟರು ಎಂದು ಒಬ್ಬ ಕೇಳಿದ. ಸರ್ ಅದಕ್ಕೆ, ಗದ್ದೆಯಲ್ಲಿ ಪಾಲಿದ್ದವರು ಎಂದರು. ಮುಂದೆ ಯಾರೂ ಕೇಳಲಿಲ್ಲ. ಬೇಸಿಗೆ ಬೆಳೆಗೆ ಸೇರುತ್ತೇವೆಂದು ಅಲ್ಲೇ ಕೆಲವರು ಹೆಸರು ಕೊಟ್ಟರು. ಮಾವ ಮಾರನೇ ಬೆಳಿಗ್ಗೆ ಪೇಪರು ಓದಲು ಕಟ್ಟೆಗೇ ಹೋದರು. ಅತ್ತಿ ಬಾಗಿಲಲ್ಲಿ ನಿಂತು ಅವರು ಹೋಗುವುದನ್ನೇ ನೋಡಿದಳು, ನಾನೂ ನೋಡಿದೆ. ಎಷ್ಟೋ ದಿನದ ಮೇಲೆ ನನಗೆ ಎದೆ ಹಗುರಾಯಿತು ಅವ್ವ.

ಇಷ್ಟು ಹೇಳಿದ ಮೇಲೆ ಇನ್ನು ಮೊಣಕಾಲಿನ ಮಾತು ಬೇಡ. ನೀನು ಯಾರ ಮರ್ಯಾದೆಯನ್ನೂ ಕಳೆದಿಲ್ಲ. ತವರಿಗೆ ಹೋಗಿ ತಪ್ಪಾಯಿತು ಎಂದು ಅಳಬೇಡ, ಅತ್ತರೆ ನಾನು ಆಣೆ ಮುರಿದದ್ದು ಮಾವನಿಗೆ ಗೊತ್ತಾಗುತ್ತದೆ. ಸುಮ್ಮನೆ ಹೋಗು, ಹೊಸ ಅಕ್ಕಿಯ ಅನ್ನ ಉಣ್ಣು, ಬೇಕಾದಷ್ಟು ಕೂಗಿ ಮಾತಾಡು.

ನಿನ್ನ ಸಿಟ್ಟು, ನಿನ್ನ ಹಠ ಎರಡನ್ನೂ ಪಡೆದ ಮಗಳು,
ಮಲ್ಲಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಲಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟು ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರಲ್ಲ ನಿನ್ನ ತಮ್ಮ, ಅವರಿಗೆ ಒಳಗೆ ಏನಿದೆ ಎಂದು ಗೊತ್ತಿಲ್ಲ. ಲಕೋಟೆ ಅಂಟಿಸಿ ಕೊಟ್ಟಿದ್ದೇನೆ, ಬೇರೆಯವರ ಪತ್ರ ಒಡೆಯುವವರಲ್ಲ ಅವರು. ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ. ಎಷ್ಟು ಕರೆದರೂ ನೀನು ಬರಲಿಲ್ಲವೆಂದು ಅವರು ಏನೇನೋ ಯೋಚಿಸಿಕೊಂಡಿದ್ದಾರೆ. ನಿನ್ನೆ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, ‘ಅಕ್ಕ ನನ್ನ ಮ್ಯಾಲೆ ಯಾಕ ಸಿಟ್ಟಾಗ್ಯಾಳವಾ, ನಾ ಏನ ತಪ್ಪು ಮಾಡೀನಿ?’ ಎಂದು ಕೇಳಿದರು. ಸಿಟ್ಟಿಲ್ಲವೆಂದು ನೀನೇ ಎದ್ದು ಹೋಗಿ ಹೇಳು.